ನಕಲು ಅರ್ಜಿಯ ಬೇಸಗೆ

ಕೋರ್ಟಿನ ನಕಲು ವಿಭಾಗಕ್ಕೆ ಅದರದ್ದೇ ಒಂದು ವಾಸನೆ ಇದೆ. ಕಾದ ಜೆರಾಕ್ಸ್ ಮೆಷಿನ್ನು, ಹಳೆ ಕಡತದ ಧೂಳು, ಗೋಂದು ಎಲ್ಲ ಸೇರಿದ ವಾಸನೆ. ಕಳೆದ ವಾರ ಆ ಬಾಗಿಲಲ್ಲಿ ನಿಂತಾಗ ಅದು ಮೂಗಿಗೆ ಬಡಿದು ಹೋದ ವರ್ಷದ ಬೇಸಗೆ ಇಡಿಯಾಗಿ ಎದುರು ಬಂದು ನಿಂತಿತು. ಜೊತೆಗೆ ನನ್ನ ಗಂಡನೂ ನೆನಪಾದರು. ಅವರು ತೀರಿಹೋಗಿ ಮೂರು ವರ್ಷ ದಾಟಿತು. ಕಾದ ಎಣ್ಣೆಯ, ಹುದುಗಿದ ಹಿಟ್ಟಿನ ವಾಸನೆಯ ಮನುಷ್ಯ ಅವರು. ಅವರಿಗೂ ಕೋರ್ಟಿನ ಕಡತಕ್ಕೂ ಏನು ಸಂಬಂಧ ಎಂದು ಹೋದ ವರ್ಷದ ತನಕ ಯಾರಾದರೂ ಕೇಳಿದ್ದರೆ ನಗುತ್ತಿದ್ದೆ.

ನಮ್ಮ ಮನೆ ಕಾವೂರಿನಲ್ಲಿ. ಗಂಡ ಸಂಜೀವ ಇಪ್ಪತ್ತೆರಡು ವರ್ಷ ಒಂದು ಪೊಲೀಸ್ ಠಾಣೆಯ ಎದುರು ಸಣ್ಣ ಹೋಟೆಲು ನಡೆಸಿದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಠಾಣೆಯವರಿಗೆ ಚಾ ಹೋಗುತ್ತಿದ್ದದ್ದು ಅಲ್ಲಿಂದಲೇ. ನಮಗೆ ಒಬ್ಬಳೇ ಮಗಳು, ದೀಕ್ಷಾ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ.

ನನಗೆ ಮದುವೆಯಾದಂದಿನಿಂದ ಒಂದು ಅಭ್ಯಾಸ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಬಲಗೈಯ ಬೆರಳು ಒಂದೊಂದೇ ಮಡಚುತ್ತಾ ದೇವರು ಆ ದಿನ ಮಾಡಿದ ಉಪಕಾರಗಳನ್ನು ಹೇಳಿಕೊಳ್ಳುವುದು. ಹಾಲು ಒಡೆಯಲಿಲ್ಲ. ಮಗಳ ಜ್ವರ ಇಳಿಯಿತು. ಬಾವಿಯ ನೀರು ಇನ್ನೂ ಬತ್ತಲಿಲ್ಲ. ಐದೂ ಬೆರಳು ಮಡಚಿದ ದಿನ ನನಗೆ ಒಳ್ಳೆಯ ನಿದ್ದೆ. ಗಂಡ ತೀರಿಹೋದ ದಿನವೂ ಒಂದು ಬೆರಳು ಮಡಚಿದ್ದೆ: ನರಳಲಿಲ್ಲ ಎಂದು.

ಹೋದ ವರ್ಷ ಸೆಖೆ ಶಿವರಾತ್ರಿಗೇ ಶುರುವಾಯಿತು. ಆಗಲೇ ನನ್ನ ಅಣ್ಣ ದಯಾನಂದ ಸಂಬಂಧ ತಂದದ್ದು. ನಮ್ಮಲ್ಲಿ ಹುಡುಗಿಯ ಮದುವೆಗೆ ಸೋದರಮಾವನ ಮಾತೇ ಮಾತು. ಅಪ್ಪ ಇಲ್ಲದ ಹುಡುಗಿಗಂತೂ ಕೇಳುವುದೇ ಬೇಡ. ಹುಡುಗ ಬಜಪೆಯವನು, ಬಾಡಿಗೆ ಕಾರುಗಳ ವ್ಯವಹಾರ. ತಂದೆ ಇಲ್ಲ, ತಾಯಿ ಇದ್ದಾರೆ. ನಾವು ಕೇಳಬೇಕಾದ್ದನ್ನೆಲ್ಲ ಕೇಳಿದೆವು. ಮೊದಲು ಬರಿ, ಅಂದರೆ ಕುಲದ ಹೆಸರು, ಕೇಳಿದೆವು. ತಾಯಿಯ ಕಡೆಯಿಂದ ಬರುವ ಬರಿ ಎರಡೂ ಮನೆಯದ್ದು ಒಂದೇ ಆದರೆ ಮದುವೆ ಇಲ್ಲ. ಅದು ಬೇರೆ ಬೇರೆ ಬಂತು. ಜಾತಕ ಕೂಡಿಬಂತು. ಹುಡುಗ ಮನೆಗೆ ಬಂದು ನನ್ನ ಕಾಲು ಮುಟ್ಟಿದ, ನಾಲ್ಕು ಬನ್ಸ್ ತಿಂದ. ದೀಕ್ಷಾಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳಿಗೆ ಒಪ್ಪಿಗೆ ಎಂದು. ಆ ಸಂಜೆ ಐದೂ ಬೆರಳು ಮಡಚಿದೆ.

ಎರಡನೇ ಸಲ ಬಂದಾಗ ಹುಡುಗನ ತಾಯಿ ತಮ್ಮ ಬ್ಯಾಗಿನಿಂದ ಪ್ಲಾಸ್ಟಿಕ್ ಹಾಕಿಸಿದ ಒಂದು ಕಾಗದ ತೆಗೆದು ನನ್ನ ಮಡಿಲಲ್ಲಿ ಇಟ್ಟರು. ಪೊಲೀಸರು ಕೊಟ್ಟ ಸರ್ಟಿಫಿಕೇಟು. ಅವನ ಮೇಲೆ ಯಾವುದೇ ಪ್ರಕರಣ ಬಾಕಿ ಇಲ್ಲ ಎಂದು ಬರೆದಿತ್ತು.

"ನಾವು ಎಂತದ್ದೂ ಮುಚ್ಚಿಡುದಿಲ್ಲ ಅಕ್ಕ," ಎಂದರು. "ಈಗಿನ ಕಾಲ. ನೀವು ಕೇಳುವ ಮೊದಲೇ ತೋರಿಸಿದ್ದು."

ಅಣ್ಣ ಮೀಸೆಯಡಿಯಲ್ಲಿ ನಕ್ಕ. "ನೋಡು, ಸರಕಾರವೇ ಬರೆದು ಕೊಟ್ಟಿದೆ. ಇನ್ನೆಂತ ಬೇಕು ನಿನಗೆ?"

ನಾನು ಅದರ ಫೋಟೊ ತೆಗೆದಿಟ್ಟುಕೊಂಡೆ, ನೆಂಟರಿಗೆ ತೋರಿಸಲೆಂದು. ಮೊದಲು ತೋರಿಸಿದ್ದು ಪಕ್ಕದ ಮನೆಯ ಮೈಮೂನಳಿಗೆ. ಮೈಮೂನಳ ಗಂಡ, ಇಬ್ಬರು ಗಂಡುಮಕ್ಕಳು ಎಲ್ಲ ಗಲ್ಫಿನಲ್ಲಿ. ಮೂವರ ಪಾಸ್‌ಪೋರ್ಟು, ವೀಸಾ, ಪೊಲೀಸ್ ಸರ್ಟಿಫಿಕೇಟು ಎಂದು ಇಪ್ಪತ್ತು ವರ್ಷ ಕಚೇರಿ ಸುತ್ತಿದವಳು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವಳು ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

"ಸುಮತಿಯಕ್ಕ, ಇದು ನೀವು ಕೇಳಿದ್ದಾ?"

"ಇಲ್ಲ. ಅವರೇ ಕೊಟ್ಟದ್ದು."

"ಹುಡುಗ ಗಲ್ಫಿಗೆ ಹೋಗ್ತಾನಾ?"

"ಇಲ್ಲ ಮಾರಾಯ್ತಿ. ಅವನದ್ದು ಇಲ್ಲೇ ಕಾರು ಉಂಟಲ್ಲ."

"ಮತ್ತೆ ಕೇಳದೆ ಕೊಡ್ಲಿಕ್ಕೆ ಇದೆಂತ, ಮದುವೆ ಕಾಗದವಾ?" ಫೋನು ನನ್ನ ಕೈಗೆ ಕೊಟ್ಟಳು. "ಇದರಲ್ಲಿ ಬಾಕಿ ಇಲ್ಲ ಅಂತ ಉಂಟು. ಬಾಕಿ ಇಲ್ಲ ಅಂದ್ರೆ ಮುಗಿದದ್ದು ಇಲ್ಲ ಅಂತ ಅಲ್ಲ. ಮತ್ತೆ, ಅರ್ಜಿಯಲ್ಲಿ ಯಾವ ವಿಳಾಸ ಕೊಡ್ತೇವೋ ಆ ಠಾಣೆಯವರು ಹೆಚ್ಚು ನೋಡುದು. ಇದರಲ್ಲಿ ಬಜಪೆ ಮನೆ ಮಾತ್ರ ಉಂಟು. ಅವನು ಬೇರೆ ಎಲ್ಲಿಯೂ ಇರ್ಲಿಲ್ವಾ?"

ಇದ್ದ. ಬಿಜೈಯಲ್ಲಿ ರೂಮು ಮಾಡಿಕೊಂಡು ಮೂರು ವರ್ಷ ಕೆಲಸಕ್ಕೆ ಹೋಗುತ್ತಿದ್ದೆ ಎಂದು ಬನ್ಸ್ ತಿನ್ನುತ್ತಾ ಅವನೇ ಹೇಳಿದ್ದ. ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಕುಳಿತಿತು. ಇಷ್ಟು ಒಳ್ಳೆಯ ಸಂಬಂಧದ ಬಗ್ಗೆ ಸಂಶಯಪಡುವುದು ದೇವರಿಗೆ ಮಾಡುವ ಕೃತಘ್ನತೆ ಎಂದು ಎರಡು ದಿನ ನನ್ನನ್ನೇ ಬೈದುಕೊಂಡೆ. ಮೂರನೇ ದಿನ ಠಾಣೆಗೆ ಹೋದೆ, ಗಂಡನ ಹೋಟೆಲಿನ ಎದುರಿನ ಠಾಣೆಗೇ. ಬೇರೆ ಯಾವ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ನನಗಿಲ್ಲ. ಹೋಟೆಲು ಇದ್ದಲ್ಲಿ ಈಗ ಮೊಬೈಲಿನ ಅಂಗಡಿ.

ಅಲ್ಲಿ ಬರವಣಿಗೆಯ ಕೆಲಸ ನೋಡುವ ಹಳೆಯ ಹೆಡ್‌ಕಾನ್‌ಸ್ಟೇಬಲ್ ಒಬ್ಬರು ನನ್ನ ಗುರುತು ಹಿಡಿದರು. "ಸಂಜೀವಣ್ಣನ ಮನೆಯವರಲ್ವಾ? ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಅವರು ಹೋದ ಮೇಲೆ ನಮಗೆ ಚಾವೂ ಇಲ್ಲ, ಪಂಚರೂ ಇಲ್ಲ."

"ಎಂತ ಪಂಚರು?"

"ಮಹಜರಿಗೆ ಇಬ್ಬರು ಸಾಕ್ಷಿ ಬೇಕಲ್ಲ ಅಕ್ಕ. ಊರವರನ್ನು ಕರೆದ್ರೆ ಯಾರು ಬರ್ತಾರೆ? ಸಂಜೀವಣ್ಣ ಆದ್ರೆ ರಸ್ತೆ ದಾಟಿದ್ರೆ ಸಾಕು. ಒಂದು ದಿನ ಇಲ್ಲ ಅಂದವರಲ್ಲ."

ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳಬಾರದು, ಆ ಸಂಜೆ ಅದಕ್ಕೂ ಒಂದು ಬೆರಳು ಮಡಚಿದೆ.

ನಾನು ಬಂದ ಕೆಲಸ ಹೇಳಿದಾಗ ಅವರು ತಲೆ ಆಡಿಸಿದರು. "ಒಬ್ಬರ ಚರಿತ್ರೆ ಇನ್ನೊಬ್ಬರಿಗೆ ನಾವು ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ. ಅವರವರದ್ದು ಅವರವರೇ ಅರ್ಜಿ ಹಾಕಿ ತಗೊಳ್ಬೇಕು. ಮಾಹಿತಿ ಹಕ್ಕಿನಲ್ಲಿ ಹಾಕಿದ್ರೂ ಖಾಸಗಿ ವಿಷಯ ಅಂತ ವಾಪಸು ಬರ್ತದೆ." ಆಮೇಲೆ ಸ್ವರ ತಗ್ಗಿಸಿದರು. "ಆದ್ರೆ ಒಂದು ಮಾತು. ಕೋರ್ಟಿಗೆ ಹೋದ ಕೇಸು ಗುಟ್ಟಲ್ಲ. ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕ್ಬಹುದು. ನಂಬರ್ ಸಿಕ್ಕಿದ್ರೆ ನಕಲು ವಿಭಾಗಕ್ಕೆ ಅರ್ಜಿ ಹಾಕಿ. ಹೆಸರು ಮಾತ್ರ ದಾಖಲೆಯಲ್ಲಿ ಇದ್ದ ಹಾಗೇ ಬೇಕು. ಮನೆಯಲ್ಲಿ ಕರೆಯುವ ಹೆಸರು ಹಾಕಿದ್ರೆ ಎಂತದ್ದೂ ಬರ್ಲಿಕ್ಕಿಲ್ಲ."

ದಾಖಲೆಯಲ್ಲಿ ಇರುವ ಹೆಸರು ನನ್ನ ಫೋನಿನಲ್ಲೇ ಇತ್ತು. ಅವರೇ ಮಡಿಲಲ್ಲಿ ಇಟ್ಟ ಸರ್ಟಿಫಿಕೇಟಿನಲ್ಲಿ, ಅಪ್ಪನ ಹೆಸರಿನೊಂದಿಗೆ, ಇಂಗ್ಲಿಷಿನಲ್ಲಿ, ಒಂದಕ್ಷರ ತಪ್ಪದೆ.

ಆಗ ರಂಜಾನ್ ಉಪವಾಸ. ಮೈಮೂನಳ ಮನೆಯ ಜಗಲಿಯಲ್ಲಿ ಇಬ್ಬರೂ ಕುಳಿತೆವು. ಕರೆಂಟಿಲ್ಲ, ಗಾಳಿಯಿಲ್ಲ, ಬೆನ್ನಿನ ಮೇಲೆ ಬೆವರು ಇರುವೆಯ ಹಾಗೆ ಇಳಿಯುತ್ತಿತ್ತು. ಅವಳೆದುರು ನೀರು ಕುಡಿಯಲು ನನಗೂ ಮನಸ್ಸಾಗಲಿಲ್ಲ. ಅವಳೇ ಫೋನಿನಲ್ಲಿ ರಾಜ್ಯ, ಜಿಲ್ಲೆ, ಕೋರ್ಟು ಎಂದು ಒಂದೊಂದೇ ಒತ್ತಿದಳು. ಹೆಸರಿನ ಜೊತೆ ವರ್ಷವನ್ನೂ ಹಾಕಬೇಕು, ಒಂದು ಸಲಕ್ಕೆ ಒಂದೇ ವರ್ಷ. ಕೊನೆಗೆ ಸೊಟ್ಟಸೊಟ್ಟ ಅಕ್ಷರಗಳನ್ನು ಓದಿ ಬರೆಯಬೇಕು. ಅದು ಐದು ಸಲಕ್ಕೆ ಮೂರು ಸಲ ತಪ್ಪುತ್ತಿತ್ತು.

"ಇದನ್ನು ಬರೆದವನ ಹತ್ರ ಹೆಂಡತಿ ಜಗಳ ಮಾಡಿದ್ದಳಾ ಎಂತ," ಎಂದಳು ಮೈಮೂನ.

ಎಂಟು ವರ್ಷಗಳದ್ದು, ಹಳೆಯದರಿಂದ ಈಚೆಗೆ, ಹುಡುಕಿದೆವು. ಏನೂ ಇಲ್ಲ. ನನ್ನ ಎದೆ ಹಗುರಾಯಿತು. ಏಳಬೇಕೆಂದು ಸೆರಗು ಸರಿಮಾಡಿಕೊಂಡಾಗ ಅವಳು "ನಿಲ್ಲಿ, ನಿಲ್ಲಿ," ಎಂದಳು. ಇಷ್ಟು ಹೊತ್ತು ನಾವು ಹುಡುಕಿದ್ದು ಬಾಕಿ ಇರುವ ಕೇಸುಗಳಲ್ಲಿ. ಪಕ್ಕದಲ್ಲಿ ಒತ್ತಲಿಕ್ಕೆ ಸೊನ್ನೆಯಂಥ ಇನ್ನೊಂದು ಗುರುತು ಇತ್ತು, ವಿಲೇವಾರಿ ಆದ ಕೇಸುಗಳದ್ದು. ಅದನ್ನು ಒತ್ತಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಮೂರನೇ ವರ್ಷದಲ್ಲಿ ಒಂದೇ ಒಂದು ಸಾಲು ಬಂತು. ಕೇಸಿನ ನಂಬರು, ಠಾಣೆಯ ಹೆಸರು, ಅವನ ಹೆಸರು. ಕೊನೆಗೆ ಒಂದು ಶಬ್ದ: ಖುಲಾಸೆ. ಠಾಣೆ ನಮ್ಮ ಹೋಟೆಲಿನ ಎದುರಿನದ್ದು.

ತೀರ್ಪು ಫೋನಿನಲ್ಲೇ ತೆರೆಯಬೇಕಿತ್ತಂತೆ, ಇದು ತೆರೆಯಲಿಲ್ಲ. ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಇಳಿದ ಮೇಲೆ ಕೋರ್ಟಿನ ಏರು. ಮಾರ್ಚಿನ ಬಿಸಿಲಲ್ಲಿ ಉಪವಾಸದವಳು ನನಗಿಂತ ಮುಂದೆ. ನಕಲು ವಿಭಾಗದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ನೀವು ಪಾರ್ಟಿಯಾ?"

ಯಾವ ಪಾರ್ಟಿ ಎಂದು ನನಗೆ ತಿಳಿಯಲಿಲ್ಲ.

"ಫಿರ್ಯಾದಿ ಕಡೆಯವರಾ, ಆರೋಪಿ ಕಡೆಯವರಾ?"

"ನಾವು ಹುಡುಗಿ ಕಡೆಯವರು," ಎಂದಳು ಮೈಮೂನ.

ಅವರು ನಕ್ಕುಬಿಟ್ಟರು. ಆಮೇಲೆ ಸಮಾಧಾನದಲ್ಲಿ ವಿವರಿಸಿದರು. ಕೇಸಿನವರಲ್ಲದ ಮೂರನೆಯವರು ನಕಲು ಕೇಳಿದರೆ ಯಾಕೆ ಬೇಕು ಎಂದು ಅಫಿಡವಿಟ್ಟು ಕೊಡಬೇಕು, ನ್ಯಾಯಾಧೀಶರು ಒಪ್ಪಬೇಕು. ಬರೀ ತೀರ್ಪು ಸಾಕೋ, ಮಹಜರು, ಸಾಕ್ಷಿಗಳ ಹೇಳಿಕೆಯೂ ಬೇಕೋ ಬರೆಯಬೇಕು. "ಹೇಳಿಕೆಯನ್ನೂ ತಗೊಳ್ಳಿ ಅಮ್ಮ," ಎಂದರು. "ತೀರ್ಪಿನಲ್ಲಿ ಬಿಟ್ಟದ್ದು ಮಾತ್ರ ಗೊತ್ತಾಗ್ತದೆ. ಎಂತಕ್ಕೆ ಬಿಟ್ಟದ್ದು ಅಂತ ಹೇಳಿಕೆಯಲ್ಲಿ ಉಂಟು." ಅರ್ಜಿಯಲ್ಲಿ ಒಂದು ಕಡೆ ಪ್ರಕರಣಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ ಬರೆಯಬೇಕಿತ್ತು. ಪೆನ್ನು ಹಿಡಿದು ಯೋಚಿಸುತ್ತಾ ನಿಂತೆ.

"ಇಲ್ಲ ಅಂತ ಬರೀರಿ. ಮೂರನೆಯವರಲ್ವಾ?"

ಯಾವ ಸಂಬಂಧವೂ ಇಲ್ಲ ಎಂದು ಬರೆದು ಸಹಿ ಹಾಕಿದೆ.

ಹನ್ನೊಂದು ದಿನ ಬಿಟ್ಟು ನಕಲು ಸಿಕ್ಕಿತು. ಮನೆಯ ತನಕ ತಾಳ್ಮೆ ಇರಲಿಲ್ಲ. ಕೋರ್ಟಿನ ಅಂಗಳದ ಮರದಡಿಯಲ್ಲಿ ಕುಳಿತು ಓದಿದೆ. ಮೊದಲನೇ ಸಾಕ್ಷಿ ಒಬ್ಬ ಹುಡುಗಿ. ಅವಳ ಹೆಸರು ಬರೆಯುವುದಿಲ್ಲ. ಅವನ ಜೊತೆ ಕೆಲಸ ಮಾಡುತ್ತಿದ್ದವಳು, ಅವನನ್ನು ಮದುವೆಯಾಗಬೇಕೆಂದಿದ್ದವಳು. ಒಂದು ಸಂಜೆ ಬಿಜೈಯ ಅವನ ರೂಮಿನಲ್ಲಿ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿದನಂತೆ. ಅವಳ ಕೈಯಿಂದ ಸ್ಕೂಟರಿನ ಕೀ ತೆಗೆದು ತನ್ನ ಕಿಸೆಗೆ ಹಾಕಿಕೊಂಡನಂತೆ. ಆಮೇಲೆ ತನ್ನ ಹೆಲ್ಮೆಟ್ಟಿನಿಂದ ಹೊಡೆದನಂತೆ. ಎಡಗೈ ಮೂಳೆ ಮುರಿಯಿತು, ಕೆನ್ನೆಯ ಮೂಳೆ ಬಿರುಕು ಬಿಟ್ಟಿತು. ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಅಲ್ಲಿ ಸ್ಕೂಟರಿನಿಂದ ಬಿದ್ದದ್ದು ಎಂದು ಬರೆಸಿದ. ಕೋರ್ಟಿನಲ್ಲಿಯೂ ಅವನ ವಕೀಲರು ಹೇಳಿದ್ದು ಅದೇ, ಬಿದ್ದದ್ದು ಎಂದು. ಬಿದ್ದದ್ದಲ್ಲ ಎಂದು ತೋರಿಸಲು ಇದ್ದದ್ದು ಒಂದೇ ವಸ್ತು. ಅವನ ರೂಮಿನ ಅಟ್ಟದಲ್ಲಿ ಪೊಲೀಸರಿಗೆ ಸಿಕ್ಕಿದ, ರಕ್ತ ಒಣಗಿದ್ದ ಹೆಲ್ಮೆಟ್ಟು. ಅದು ಅಲ್ಲಿಯೇ ಸಿಕ್ಕಿತು ಎಂಬುದಕ್ಕೆ ಇಬ್ಬರು ಪಂಚರು. ಒಬ್ಬರು ಊರು ಬಿಟ್ಟು ಹೋಗಿದ್ದರು, ಸಿಗಲಿಲ್ಲ.

ಹಾಳೆ ತಿರುಗಿಸಿದೆ. ಮೂರನೇ ಸಾಕ್ಷಿ: ಸಂಜೀವ, ಹೋಟೆಲು ವ್ಯಾಪಾರ, ವಾಸ ಕಾವೂರು.

"ಮಹಜರಿನಲ್ಲಿರುವ ಸಹಿ ನನ್ನದು. ನಾನು ಸದರಿ ರೂಮಿಗೆ ಹೋಗಿರುವುದಿಲ್ಲ. ನನ್ನ ಎದುರು ಯಾವುದೇ ವಸ್ತು ಜಪ್ತಿಯಾಗಿರುವುದಿಲ್ಲ. ಠಾಣೆಯಲ್ಲಿ ಸಹಿ ಹಾಕಿರುತ್ತೇನೆ. ಅದರಲ್ಲಿ ಏನು ಬರೆದಿತ್ತು ಎಂದು ಓದಿರುವುದಿಲ್ಲ."

ಹಿಂದಿನ ಹಾಳೆಯಲ್ಲಿ ಮಹಜರು ಇತ್ತು, ಅದರ ಅಡಿಯಲ್ಲಿ ಅವರ ಸಹಿ. ಕೊನೆಯ ಅಕ್ಷರದ ಬಾಲವನ್ನು ಉದ್ದ ಎಳೆಯುವ ಅಭ್ಯಾಸ ಅವರದ್ದು. ಹೋಟೆಲಿನ ಕರಿಹಲಗೆಯಲ್ಲಿ ತಿಂಡಿಯ ಹೆಸರು ಬರೆಯುವಾಗಲೂ ಹಾಗೆಯೇ. ಸಹಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಕಪ್ಪು ಕಲೆ. ಯಾರಿಗೂ ಅದು ಏನೆಂದು ಗೊತ್ತಾಗಲಿಕ್ಕಿಲ್ಲ. ನನಗೆ ಗೊತ್ತಾಯಿತು, ಅದು ಎಣ್ಣೆ. "ಸಂಜೀವಣ್ಣ, ಒಂದು ಸಹಿ," ಎಂದು ಪೊಲೀಸಿನವರು ಕೂಗುವುದು, ಇವರು ಬಾಣಲೆಯ ಉರಿ ತಗ್ಗಿಸಿ, ಬೈರಾಸಿನಲ್ಲಿ ಕೈ ಅರ್ಧ ಒರೆಸಿ ರಸ್ತೆ ದಾಟುವುದು, ಎಷ್ಟು ಸಲ ಕಂಡಿದ್ದೇನೆ. ಪರೋಪಕಾರ ಎಂದೇ ತಿಳಿದಿದ್ದೆ.

ಅವರು ಸಾಕ್ಷಿ ಹೇಳಲು ಕೋರ್ಟಿಗೆ ಹೋದ ದಿನವೂ ನೆನಪಿಗೆ ಬಂತು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು: "ಠಾಣೆಯವರು ನಾನು ರೂಮಿಗೆ ಬಂದಿದ್ದೆ, ಹೆಲ್ಮೆಟ್ಟು ತೆಗೆಯುವಾಗ ನೋಡಿದ್ದೆ ಅಂತ ಹೇಳ್ಬೇಕು ಅಂತಾರೆ. ನಾನೆಲ್ಲಿ ಹೋಗಿದ್ದೇನೆ ಸುಮತಿ? ಗೋಳಿಬಜೆ ಬಾಣಲೆಯಲ್ಲಿ ಬಿಟ್ಟು ಬಿಜೈಗೆ ಹೋಗ್ಲಿಕ್ಕೆ ಆಗ್ತದಾ? ಎಂತ ಹೇಳುದು ಈಗ?"

ನಾನು ಕಾಯಿ ತುರಿಯುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸ್ತಾರಲ್ವಾ? ಸುಳ್ಳು ಹೇಳ್ಬೇಡಿ. ಬೆಳೆದ ಮಗಳಿದ್ದಾಳೆ, ಅವಳ ತಲೆ ಮೇಲೆ ಬರ್ತದೆ."

ಹೆಲ್ಮೆಟ್ಟು ಎಂದಾಗ ಯಾವುದೋ ಬೈಕು ಕಳವಿನ ಕೇಸು ಎಂದುಕೊಂಡೆ. ಯಾರಿಗೆ ಪೆಟ್ಟಾಗಿದೆ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ, ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ಮಧ್ಯಾಹ್ನ ಮಲ್ಲಿಗೆ ತಂದು ಕೊಟ್ಟು, ಸತ್ಯ ಹೇಳಿ ಬಂದೆ, ಹಗುರಾಯಿತು ಎಂದರು. ಆ ಸಂಜೆ ದೀಪದೆದುರು ನಾನು ಮಡಚಿದ ಮೊದಲ ಬೆರಳು ಅದಕ್ಕೇ: ದೇವರು ನಮ್ಮಿಂದ ಸುಳ್ಳು ಹೇಳಿಸಲಿಲ್ಲ.

ಮರದಡಿಯಲ್ಲಿ ಕುಳಿತು ಯೋಚಿಸಿದೆ. ಬಾಯಲ್ಲಿ ಹೇಳಿದ್ದು ಸತ್ಯವೇ. ಸುಳ್ಳು ಅದಕ್ಕೂ ಎರಡು ವರ್ಷ ಮೊದಲೇ, ಎಣ್ಣೆಕೈಯಲ್ಲಿ, ರಸ್ತೆ ದಾಟಿದಲ್ಲಿ ಮುಗಿದಿತ್ತು. ಆ ಸುಳ್ಳು ಮತ್ತು ಈ ಸತ್ಯ ಎರಡೂ ಸೇರಿ ಒಬ್ಬಳು ಹುಡುಗಿಯ ಮುರಿದ ಕೈಯನ್ನು ಸ್ಕೂಟರಿನಿಂದ ಬಿದ್ದದ್ದು ಮಾಡಿದವು. ಜಪ್ತಿ ಸಾಬೀತಾಗಿಲ್ಲ, ಸಂಶಯದ ಲಾಭ ಆರೋಪಿಗೆ ಎಂದು ತೀರ್ಪಿನಲ್ಲಿತ್ತು. ಮಗಳ ತಲೆ ಮೇಲೆ ಬರುತ್ತದೆ ಎಂದು ಸುಳ್ಳಿಗೆ ಹೆದರಿದ್ದೆ. ಬಂದದ್ದು ಸುಳ್ಳಲ್ಲ, ಸತ್ಯ.

ಜೊತೆಗೆ ಬಂದಿದ್ದ ಮೈಮೂನ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಆಮೇಲೆ, "ಸಂಜೀವಣ್ಣ ಕೆಟ್ಟವರಲ್ಲ ಸುಮತಿಯಕ್ಕ," ಎಂದಳು.

"ಕೆಟ್ಟವರಾಗಿದ್ರೆ ನನಗೆ ಸುಲಭ ಇತ್ತು," ಎಂದೆ.

ದೀಕ್ಷಾಳಿಗೆ ನಾನು ಸುತ್ತಾಡುವುದು ಗೊತ್ತಾಗಿತ್ತು. ಮನೆಗೆ ಬಂದಾಗ ಮುಖ ಊದಿಸಿಕೊಂಡಿದ್ದಳು. "ಎಂತಮ್ಮ ಇದು? ಅವನ ಹಿಂದೆ ಸಿಐಡಿ ಕೆಲಸವಾ? ಅವನಿಗೆ ಗೊತ್ತಾದ್ರೆ ನಾನೆಂತ ಹೇಳ್ಲಿ?"

ಕಾಗದಗಳನ್ನು ಊಟದ ಮೇಜಿನ ಮೇಲಿಟ್ಟು ಒಲೆಯ ಕಡೆ ಹೋದೆ. ಅವಳು ನಿಂತೇ ಓದಲು ಶುರುಮಾಡಿದವಳು ಕುಳಿತಳು. ಅಪ್ಪನ ಹೆಸರು ಬಂದಾಗ ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಅವಳು ಮೊದಲನೇ ಸಾಕ್ಷಿಯ ಹಾಳೆಗೇ ತಿರುಗಿ ತಿರುಗಿ ಹೋಗುತ್ತಿದ್ದಳು.

"ಅಮ್ಮ."

"ಎಂತ?"

"ನನ್ನ ಸ್ಕೂಟರಿನ ಇನ್ನೊಂದು ಕೀ ಅವನ ಹತ್ರ ಉಂಟು."

ಒಲೆ ಆರಿಸಿ ಅವಳ ಕಡೆ ತಿರುಗಿದೆ.

"ಹೋದ ವಾರ ಕೇಳಿದ. ನೀನು ಎಲ್ಲಿಯಾದ್ರೂ ಕಳೆದು ಹಾಕ್ತಿ, ನನ್ನ ಹತ್ರ ಇರ್ಲಿ ಅಂದ. ಪ್ರೀತಿಯಲ್ಲಿ ಕೇಳಿದ್ದು ಅಂತ ಕೊಟ್ಟೆ."

ಆ ಸಂಜೆ ಮಡಚಿದ್ದು ಒಂದೇ ಬೆರಳು. ಅದನ್ನೂ ಎಂತಹ ಮನಸ್ಸಿನಿಂದ ಮಡಚಿದೆ ಎಂದು ಬರೆಯಲಾರೆ.

ಮದುವೆ ಮಾತು ಮುರಿಯಬೇಕೆಂದು ಅಣ್ಣನಿಗೆ ಫೋನು ಮಾಡಿದೆ. ಭಾನುವಾರ ಅವನು ಒಬ್ಬನೇ ಬರಲಿಲ್ಲ, ಹುಡುಗನ ತಾಯಿಯನ್ನೂ ಕರೆದುಕೊಂಡು ಬಂದ. ನಾನು ನಕಲನ್ನು ಅವರ ಮುಂದೆ ಇಟ್ಟೆ. ಅವರಿಗೆ ಗಾಬರಿಯಾಗಬಹುದು, ಅತ್ತು ಗೋಗರೆಯಬಹುದು ಎಂದೆಲ್ಲ ಎಣಿಸಿ, ಏನು ಹೇಳಬೇಕೆಂದು ತಯಾರಾಗಿದ್ದೆ. ಅವರು ಹಾಳೆ ತಿರುಗಿಸಿ, ಮೂರನೇ ಸಾಕ್ಷಿಯ ಹೆಸರಿನ ಮೇಲೆ ಬೆರಳಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡರು.

"ಇವರು ಆ ದಿನ ಸತ್ಯ ಹೇಳದಿದ್ರೆ ನನ್ನ ಮಗ ಜೈಲಿಗೆ ಹೋಗ್ತಿದ್ದ," ಎಂದರು. "ಆ ದಿನವೇ ನಾನು ದೈವಕ್ಕೆ ಹೇಳಿಕೊಂಡಿದ್ದೆ, ಈ ಋಣ ತೀರಿಸ್ತೇನೆ ಅಂತ. ನಿಮ್ಮ ಯಜಮಾನರು ಹೋದ್ರು, ಹುಡುಗಿ ಮದುವೆಗೆ ಉಂಟು ಅಂತ ಗೊತ್ತಾಯ್ತು. ಹುಡುಕಿಕೊಂಡು ಬಂದದ್ದು ನಾವು, ಸುಮತಿಯಕ್ಕ. ನಿಮ್ಮ ಮನೆಯ ಹುಡುಗಿಯೇ ಬೇಕು ಅಂತ."

ನಾನು ಅವರ ಮುಖ ನೋಡಿದೆ. ಅವರ ಕಣ್ಣಲ್ಲಿ ಕಳ್ಳತನ ಇರಲಿಲ್ಲ. ದೇವರೆದುರು ನಿಂತಾಗ ನನ್ನ ಕಣ್ಣು ಹೇಗಿರುತ್ತದೋ ಹಾಗೆಯೇ ಇದ್ದವು. ಅದನ್ನು ಕಂಡು ನನಗೆ ಹೆಚ್ಚು ಹೆದರಿಕೆಯಾಯಿತು.

ಅಣ್ಣನ ಕಡೆ ನೋಡಿದೆ. "ನಿನಗೆ ಗೊತ್ತಿತ್ತಾ?"

"ಖುಲಾಸೆ ಆದದ್ದಲ್ವಾ?" ಎಂದ, ನೆಲ ನೋಡುತ್ತಾ. "ಬಾವನೇ ಕೋರ್ಟಿನಲ್ಲಿ ಎಂತದ್ದೂ ಇಲ್ಲ ಅಂತ ಹೇಳಿದ ಮೇಲೆ ನಿನ್ನದೆಂತ ದೊಡ್ಡ ತನಿಖೆ?"

"ಅವರು ಎಂತದ್ದೂ ಇಲ್ಲ ಅಂತ ಹೇಳಿದ್ದಲ್ಲ ಅಣ್ಣ. ನಾನು ಹೋಗ್ಲಿಲ್ಲ ಅಂತ ಹೇಳಿದ್ದು."

"ಎರಡೂ ಒಂದೇ ಅಲ್ವಾ," ಎಂದರು ಹುಡುಗನ ತಾಯಿ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ದೀಕ್ಷಾ ಮುಂದೆ ಬಂದಳು. "ನನ್ನ ಸ್ಕೂಟರಿನ ಕೀ ಕಳಿಸಿಕೊಡ್ಲಿಕ್ಕೆ ಹೇಳಿ," ಎಂದಳು. "ಬೇರೆ ಎಂತದ್ದೂ ಬೇಡ."

ಅವರ ಮುಖ ಆಗ ಬದಲಾಯಿತು. ಕಾಗದಗಳನ್ನು ಮಡಚಿ ತಮ್ಮ ಬ್ಯಾಗಿಗೆ ಹಾಕಿ ಜಿಪ್ಪು ಎಳೆದರು. "ಇದು ನಮ್ಮ ಮನೆಯ ಕಾಗದ. ನಮ್ಮಲ್ಲೇ ಇರ್ಲಿ." ಕೈಯಿಂದ ಕಿತ್ತುಕೊಳ್ಳುವ ಜನ ನಾನಲ್ಲ. ನೋಡುತ್ತಾ ನಿಂತೆ.

ಕೀ ಬಂದದ್ದು ನಾಲ್ಕು ದಿನ ಬಿಟ್ಟು. ಅಣ್ಣ ಗೇಟಿನ ಹೊರಗಿನಿಂದಲೇ ಅಂಗಳಕ್ಕೆ ಎಸೆದು ಹೋದ. ಅವನು ನಮ್ಮ ಮನೆಗೆ ಕಾಲಿಟ್ಟದ್ದು ಅದೇ ಕೊನೆ, ಕಾಲಿಡದೆ. ನಾವು ಸ್ಕೂಟರಿನ ಲಾಕನ್ನೇ ಬದಲಿಸಿದೆವು.

ಆಮೇಲೆ ಮಳೆ ಬಂತು, ಮಳೆ ಹೋಯಿತು. ನೆಂಟರ ಸೀಮಂತ, ಗೃಹಪ್ರವೇಶಗಳಲ್ಲಿ ಊಟಕ್ಕೆ ಕುಳಿತಾಗ ಪಕ್ಕದವರು ಕೇಳುತ್ತಿದ್ದರು, "ಹುಡುಗಿಯದ್ದೇ ಎಂತಾದ್ರೂ ಇತ್ತಾ?" ನಾನು ಪಾಯಸ ಬಡಿಸುವವರನ್ನು ಕರೆದು ಮಾತು ತಪ್ಪಿಸುತ್ತಿದ್ದೆ. ಒಂದು ಸಲ ಬಿಜೈಗೆ ಹೋದೆ, ಮೊದಲನೇ ಸಾಕ್ಷಿಯ ಮನೆಗೆಂದೇ. ಹೇಳಿಕೆಯಲ್ಲಿದ್ದ ವಿಳಾಸ ಬಾಯಿಪಾಠ ಇತ್ತು. ಕೆಎಸ್‌ಆರ್‌ಟಿಸಿ ಬಸ್‌ಸ್ಟಾಂಡಿನ ಎದುರು ಇಳಿದು ಮುಕ್ಕಾಲು ಗಂಟೆ ನಿಂತೆ. ಏನು ಹೇಳುವುದು? ನನ್ನ ಗಂಡ ಒಳ್ಳೆಯವರು ಎಂದೇ? ದೇವರು ನನ್ನ ಮಗಳನ್ನು ಉಳಿಸಿದ ಎಂದೇ? ಉಳಿಸಿದ್ದು ದೇವರೇ ಇರಬಹುದು. ಆದರೆ ಉಳಿಸಿದ್ದು ಅವಳ ಹೇಳಿಕೆಯಿಂದ. ಅವಳ ಕೈ ಮುರಿದದ್ದನ್ನು ನನ್ನ ಬೆರಳಿನಲ್ಲಿ ಉಪಕಾರ ಎಂದು ಮಡಚಲು ನನಗೆ ಯಾರು ಹಕ್ಕು ಕೊಟ್ಟರು? ಕಾವೂರಿನ ಬಸ್ಸು ಬಂದಾಗ ಹತ್ತಿ ವಾಪಸು ಬಂದೆ. ಅವಳೆದುರು ನಿಲ್ಲಲು ಮುಖ ಇರಲಿಲ್ಲ, ಅಷ್ಟೇ.

ಎರಡು ವಾರದ ಹಿಂದೆ ಸುರತ್ಕಲ್ ಕಡೆಯಿಂದ ಒಬ್ಬರು ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳಿಗೆ ಬಜಪೆಯಿಂದ ಒಂದು ಸಂಬಂಧ ಬಂದಿದೆಯಂತೆ. ಬರಿ ಬೇರೆ, ಜಾತಕ ಕೂಡಿದೆ. ಪ್ಲಾಸ್ಟಿಕ್ ಹಾಕಿಸಿದ ಸರ್ಟಿಫಿಕೇಟೂ ಕೈಗೆ ಬಂದಿದೆ. "ನಿಮ್ಮಲ್ಲಿ ಮಾತು ಮುಂದುವರಿದು ನಿಂತದ್ದಂತೆ," ಎಂದರು. "ಎಂತಕ್ಕೆ ಅಂತ ಯಾರೂ ಹೇಳುದಿಲ್ಲ. ನಮಗೆಂತಕ್ಕೆ ಅಂತಾರೆ. ನೀವು ದೇವರ ಭಕ್ತೆ ಅಂತ ಕೇಳಿದ್ದೇನೆ, ಸುಳ್ಳು ಹೇಳ್ಲಿಕ್ಕಿಲ್ಲ ಅಂತ ಬಂದೆ."

ಚಾ ಕೊಟ್ಟೆ. ಇದ್ದದ್ದನ್ನು ಹೇಳಿದೆ, ಗಂಡನ ಸಹಿಯನ್ನೂ ಸೇರಿಸಿ. ಅವರು ಕೇಳಿದರು, ಆದರೆ ಲೋಟ ಕೆಳಗಿಡುವಾಗ ಕಣ್ಣು ತಪ್ಪಿಸಿದರು. ತಪ್ಪಿದ ಸಂಬಂಧದ ಹೊಟ್ಟೆಕಿಚ್ಚು ಎಂದು ಮನೆಯಲ್ಲಿ ಹೇಳುವವರಿರುತ್ತಾರೆ, ನನಗೆ ಅರ್ಥವಾಯಿತು. ನನ್ನ ಮಾತು ಸಾಲದು. ಕಾಗದ ಬೇಕು. ಕಾಗದ ಬಜಪೆಯ ಬ್ಯಾಗಿನಲ್ಲಿತ್ತು.

ಹಾಗೆ ಕಳೆದ ವಾರ ಮತ್ತೆ ಆ ಏರು ಹತ್ತಿದ್ದು. ಮೈಮೂನ ಮಂಡಿನೋವಿನಿಂದ ಬರಲಿಲ್ಲ. ಅರ್ಜಿಯ ಸಾಲುಗಳನ್ನು ಫೋನಿನಲ್ಲೇ ನೆನಪಿಸಿದಳು. ಕೇಸಿನ ನಂಬರು ಬರೆದೆ, ವರ್ಷ ಬರೆದೆ. ತೀರ್ಪು, ಮಹಜರು, ಸಾಕ್ಷಿಗಳ ಹೇಳಿಕೆ ಬೇಕೆಂದು ಬರೆದೆ. ಸಂಬಂಧ ಕೇಳಿದ ಜಾಗದಲ್ಲಿ ಈ ಸಲ ಯಾರನ್ನೂ ಕೇಳಲಿಲ್ಲ. ನಿಧಾನವಾಗಿ, ಅಕ್ಷರ ಬಿಡಿಸಿ ಬರೆದು, ಕಿಟಕಿಯೊಳಗೆ ಚಾಚಿದೆ.

ಅದೇ ಗುಮಾಸ್ತರು. ಮಧ್ಯಾಹ್ನದ ಗಡಿಬಿಡಿ, ಹಿಂದೆ ಜನರ ಸಾಲು. ಕೈ ಆಗಲೇ ಸೀಲು ಹಿಡಿದಿತ್ತು.

"ಸರ್," ಎಂದೆ. "ಓದಿ ನೋಡಿ. ಆಮೇಲೆ ಸೀಲು."

ಅವರು ನನ್ನನ್ನೊಮ್ಮೆ ನೋಡಿದರು. ಸೀಲು ಬದಿಗಿಟ್ಟು ಕನ್ನಡಕ ಸರಿಮಾಡಿಕೊಂಡು ಓದಿದರು. ಸಂಬಂಧದ ಸಾಲಿಗೆ ಬಂದಾಗ ಅವರ ತುಟಿ ಅಲುಗಿತು.

"ಮೂರನೇ ಸಾಕ್ಷಿಯ ಹೆಂಡತಿ," ಎಂದು ಓದಿದರು. "ಹೀಗೆಯೇ ಇರ್ಲಾ ಅಮ್ಮ?"

"ಹೀಗೆಯೇ ಇರ್ಲಿ," ಎಂದೆ.